ನಮ್ಮ ಅಂಗಳ, ಯಾರದೋ ಕಾರು



ಕಳೆದ ಸಲ ಹುರಿಹಿಟ್ಟಿನ ವಿಚಾರ ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ನಮ್ಮ ಹಿಟ್ಟಿನ ಗಿರಣಿಯ ಅಂಗಳಕ್ಕೆ ಬನ್ನಿ. ಗಿರಣಿಯ ಮುಂದೆ ನಮ್ಮದೇ ಖಾತೆಯ 20 ಅಡಿ ಜಾಗ ಇದೆ, ಮೂಟೆ ಇಳಿಸುವುದಕ್ಕೆಂದು ಬಿಟ್ಟಿದ್ದು. ಸೋಮವಾರ ಸಂತೆ ಬಂತೆಂದರೆ ಅದು ಊರವರ ವಾಹನ ನಿಲ್ದಾಣ! "ಐದೇ ನಿಮಿಷ ಅಕ್ಕಾ" ಅಂತ ಹೋದವರು ಎರಡು ಗಂಟೆ ಪತ್ತೆಯಿರುವುದಿಲ್ಲ. ತಲೆಯ ಮೇಲೆ ರಾಗಿ ಹೊತ್ತು ಬಂದ ಹೆಂಗಸರು ದಾರಿಯಿಲ್ಲದೆ ಮುಂದಿನ ಬೀದಿಯ ಗಿರಣಿಗೆ ಹೋಗುತ್ತಾರೆ. ನಮಗೋ, ಸಂತೆಯ ದಿನದ ವ್ಯಾಪಾರದಲ್ಲೇ ಕರೆಂಟಿನ ಖರ್ಚು ಹುಟ್ಟಬೇಕು.

ಒಂದು ಸೋಮವಾರ ನಮ್ಮವರಿಗೆ ತಾಳ್ಮೆ ತಪ್ಪಿತು. ಬಾಗಿಲಿಗೇ ಅಡ್ಡ ನಿಂತ ಕಾರಿನ ಚಕ್ರದ ಗಾಳಿ ಬಿಡು ಎಂದು ಕೆಲಸದ ಹುಡುಗನಿಗೆ ಹೇಳಿದರು. ನಿಜ ಹೇಳಲೇ? ನಾನೂ "ಹಾಗೇ ಆಗಬೇಕು" ಎಂದೆ. ಸ್ವಲ್ಪ ಹೊತ್ತಿಗೆ ಕಾರಿನವನು ಬಂದ. ಅವನ ಕೈ ಹಿಡಿದು ಕಣ್ಣಿಗೆ ಪಟ್ಟಿ ಕಟ್ಟಿದ ತಾಯಿ. ಪೊರೆ ತೆಗೆಸಿಕೊಂಡು ಬಂದಿದ್ದರಂತೆ. ಆ ಕಣ್ಣಿಗೆ ಹಿಟ್ಟಿನ ಧೂಳು ಬೀಳಬಾರದಲ್ಲ, ಒಳಗೆ ಹಜಾರದಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆ. "ನಿನಗೆ ಪುಣ್ಯ ಬರಲಿ ತಾಯಿ" ಅಂದರು. ನೆಲ ಬಿರಿಯಬಾರದೇ ಅನ್ನಿಸಿತು. ಗಾಳಿ ತೆಗೆದದ್ದು ನಾವೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮವರೇ ಹೇಳಿ, ಪಂಕ್ಚರ್ ಅಂಗಡಿಯವನನ್ನು ಕರೆಸಿ ದುಡ್ಡು ಕೊಟ್ಟರು. ಅವನೂ "ಬಾಗಿಲಿಗೆ ಅಡ್ಡ ನಿಲ್ಲಿಸಿದ್ದು ನನ್ನ ತಪ್ಪು" ಎಂದ.

ಆಮೇಲೆ ಪರಿಚಯದ ವಕೀಲರನ್ನು ಕೇಳಿದೆವು. ಅವರು ಹೇಳಿದ್ದು ನಿಮಗೂ ಉಪಯೋಗವಾದೀತು. ಸ್ವಂತ ಜಾಗದಲ್ಲಿ ಬೇರೆಯವರು ವಾಹನ ನಿಲ್ಲಿಸಬಾರದು ಎನ್ನಲು ನಮಗೆ ಹಕ್ಕಿದೆ. ಆದರೆ ಸಿಟ್ಟಿಗೆ ವಾಹನಕ್ಕೆ ಹಾನಿ ಮಾಡಿದರೆ ದೂರು ನಮ್ಮ ಮೇಲೆಯೇ ಬರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಇಂಥ ಹಾನಿಯನ್ನು ಕುರಿತದ್ದೇ. ಇನ್ನು ಅಂಗಡಿಯ ಮುಂದಿನ ರಸ್ತೆ ನಮ್ಮದಲ್ಲ. ಅಲ್ಲಿ ನಾವೇ ಬರೆದು ನಿಲ್ಲಿಸಿದ "ನೋ ಪಾರ್ಕಿಂಗ್" ಬೋರ್ಡಿಗೆ ಕಾನೂನಿನ ಬಲವಿಲ್ಲ. ಹಾಗಂತ ಬಾಗಿಲಿಗೆ ಅಡ್ಡವಾಗಿ ರಸ್ತೆಯಲ್ಲಿ ನಿಲ್ಲಿಸುವುದೂ ಸರಿಯಲ್ಲ. ಠಾಣೆಗೆ ಹೇಳಬಹುದು, ತುರ್ತಾದರೆ 112ಕ್ಕೆ ಫೋನು ಮಾಡಬಹುದು.

ನಾವು ಮಾಡಿದ ಏರ್ಪಾಡು ಇಷ್ಟು:

1. ನಮ್ಮ ಗಡಿಯೊಳಗೇ ಎರಡು ಕಂಬ ನೆಟ್ಟು ಸರಪಳಿ ಹಾಕಿದೆವು. ಮೂಟೆ ಬಂದಾಗ ಮಾತ್ರ ತೆಗೆಯುವುದು. ಕತ್ತಲಲ್ಲಿ ಯಾರೂ ಎಡವದಂತೆ ಅದಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿದ್ದೇನೆ.

2. "ಖಾಸಗಿ ಜಾಗ. ಗಿರಣಿಗೆ ಬಂದವರಿಗೆ ಮಾತ್ರ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ, ಕೆಳಗೆ ನಮ್ಮ ಫೋನು ನಂಬರು ಹಾಕಿಸಿದೆವು. ಬೈಗುಳ ಬೇಡ.

3. ಪದೇ ಪದೇ ನಿಲ್ಲಿಸುವವರ ಗಾಡಿ ನಂಬರು, ತಾರೀಖು, ಹೊತ್ತು ಪುಸ್ತಕದಲ್ಲಿ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತೇವೆ. ಮೊದಲು ಮಾತು, ಆಮೇಲೆ ಚೀಟಿ, ಕೊನೆಗೆ ಠಾಣೆ.

4. ಕಣ್ಣಿನ ಡಾಕ್ಟರ ಬಳಿ ನಾನೇ ಹೋಗಿ ಮಾತಾಡಿದೆ. ಈಗ ಅವರ ಕಾಂಪೌಂಡರು ರೋಗಿಗಳಿಗೆ ಮೊದಲೇ ಹೇಳುತ್ತಾರೆ. ನಡೆಯಲಾರದವರು ಬಂದರೆ ಸರಪಳಿ ಬಿಚ್ಚಿ, ಇಳಿಸಿ ಹೋಗಲು ಬಿಡುತ್ತೇವೆ.

ಪೂರ್ತಿ ನಿಂತಿತೇ ಎಂದರೆ ಇಲ್ಲ. ಮೊನ್ನೆ ಒಬ್ಬರು ಸರಪಳಿಗೇ ಸ್ಕೂಟರ್ ಒರಗಿಸಿ ಹೋಗಿದ್ದರು! ಆದರೆ ರಾಗಿ ತರುವ ಹೆಂಗಸರಿಗೆ ಈಗ ದಾರಿ ಇದೆ, ನಮ್ಮವರ ಕೂಗಾಟವೂ ಕಡಿಮೆಯಾಗಿದೆ. ಅಂದಹಾಗೆ, ಆ ತಾಯಿ ಹೋದ ತಿಂಗಳು ಇನ್ನೊಂದು ಕಣ್ಣಿಗೆಂದು ಬಂದಾಗ ನನಗೆ ನಿಂಬೆಹಣ್ಣು ತಂದುಕೊಟ್ಟರು. ಉಪ್ಪಿನಕಾಯಿ ಹಾಕಿದ್ದೇನೆ. ಅದರ ವಿಧಾನ ಮುಂದಿನ ಸಲ.