ಹೊಟ್ಟೆಯೊಳಗಿನ ಗಂಟು: ಗಾಬರಿಯೂ ಬೇಡ, ಉದಾಸೀನವೂ ಬೇಡ



ಹೊಟ್ಟೆಯಲ್ಲಿ ಗಂಟಿದೆ ಎಂದು ಸ್ಕ್ಯಾನಿಂಗ್ ವರದಿ ಬಂದರೆ ಸಾಕು, ಮನೆಮಂದಿಯೆಲ್ಲ ಕ್ಯಾನ್ಸರೇ ಎಂದು ಕಂಗಾಲಾಗುತ್ತಾರೆ. ಇನ್ನು ಕೆಲವರು, ಕತ್ತಿ ತಾಗಿದರೆ ರೋಗ ಹಬ್ಬುತ್ತದೆಂದು ಹೆದರಿ ಆಸ್ಪತ್ರೆಯ ದಾರಿಯನ್ನೇ ಬಿಡುತ್ತಾರೆ. ಎರಡೂ ಸರಿಯಲ್ಲ.

ಸೋಂಕಿನ ವಿರುದ್ಧ ಹೋರಾಡುವ ದುಗ್ಧರಸ ಗ್ರಂಥಿಗಳು ಹೊಟ್ಟೆಯಲ್ಲೂ ಇವೆ. ಅವು ಊದಿಕೊಳ್ಳಲು ನಮ್ಮ ದೇಶದಲ್ಲಿ ಕ್ಷಯವೂ ಕಾರಣವಾಗಬಹುದು, ಕ್ಯಾನ್ಸರೂ ಆಗಬಹುದು. ಅಪರೂಪದ ಇನ್ನೊಂದು ಕಾರಣ ಕ್ಯಾಸಲ್‌ಮನ್ ಕಾಯಿಲೆ. 1954ರಲ್ಲಿ ಅಮೆರಿಕದ ಬಾಸ್ಟನ್ನಿನ ಡಾ. ಬೆಂಜಮಿನ್ ಕ್ಯಾಸಲ್‌ಮನ್ ಇದನ್ನು ವಿವರಿಸಿದರು. ಇದು ಕ್ಯಾನ್ಸರ್ ಅಲ್ಲ. ಆದರೆ ಗಂಟಿನ ಅಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾವುದೆಂದು ಖಚಿತವಾಗಿ ಹೇಳಲಾಗದು.

ಇದರಲ್ಲಿ ಎರಡು ಬಗೆ. ಒಂದೇ ಕಡೆ ಗಂಟಿದ್ದರೆ ಅದನ್ನು ಪೂರ್ತಿ ತೆಗೆದರೆ ಬಹುತೇಕ ರೋಗಿಗಳು ಗುಣವಾಗುತ್ತಾರೆ. ಹಲವು ಕಡೆ ಇದ್ದು ಜ್ವರ, ಬೆವರು, ತೂಕ ಇಳಿತ ಕಂಡರೆ ಔಷಧವೇ ಮುಖ್ಯ. ಪರ್ವಕಾಲದ ಉಪವಾಸದಿಂದ ತೂಕ ಇಳಿದಿರಬೇಕೆಂದು ಸುಮ್ಮನಿರಬಾರದು.

ಹಿಂದೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ರಂಧ್ರದ ಮೂಲಕ ಪಿತ್ತಕೋಶ ತೆಗೆದ ಮೇಲೆ ಲ್ಯಾಪರೊಸ್ಕೋಪಿ ನಮ್ಮ ದೇಶದಲ್ಲಿ ಬೇರೂರಿತು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣ ಇಳಿಸಿ, ಗಂಟನ್ನು ಬಿಡಿಸಿ ಚೀಲದಲ್ಲಿಟ್ಟು ಹೊರತೆಗೆಯುತ್ತಾರೆ. ನೋವು ಕಡಿಮೆ, ಬೇಗ ಮನೆಗೆ ಮರಳಬಹುದು. ಆದರೆ ಈ ಗಂಟಿಗೆ ರಕ್ತನಾಳಗಳು ಹೆಚ್ಚು. ರಕ್ತಸ್ರಾವವಾದರೆ ವೈದ್ಯರು ಹೊಟ್ಟೆ ತೆರೆಯಬೇಕಾಗಬಹುದು. ಅದನ್ನು ಸೋಲೆಂದು ತಿಳಿಯಬಾರದು.

ನಮ್ಮ ಮಾವನಲ್ಲದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮೈಸೂರು ಇಲ್ಲವೇ ಕೊಯಮತ್ತೂರು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆಂಬುಲೆನ್ಸಿಗೆ ತಡೆಯಿಲ್ಲ. ಊಟಿಗೆ ಕಲ್ಹಟ್ಟಿಯ 36 ತಿರುವು. ಆದ್ದರಿಂದ ಆಪರೇಷನ್ ಆದವರು ಅಂಗಡಿಯ ಚಿಂತೆ ಬಿಟ್ಟು, ವೈದ್ಯರು ಮರುಪರೀಕ್ಷೆ ಮಾಡುವವರೆಗೆ ಆಸ್ಪತ್ರೆಯ ಸಮೀಪದಲ್ಲೇ ಉಳಿಯುವುದು ಲೇಸು. ರಾತ್ರಿಭೋಜನ ಬಿಟ್ಟವರು ಅದನ್ನು ಮೊದಲೇ ತಿಳಿಸಿದರೆ, ಸಾಧ್ಯವಿದ್ದಷ್ಟು ಮಾತ್ರೆಯ ವೇಳೆ ಹೊಂದಿಸಿಕೊಡುತ್ತಾರೆ.

ಆಪರೇಷನ್ನಿಗೆ ಒಪ್ಪುವ ಮುನ್ನ ಮೂರು ಪ್ರಶ್ನೆ ಕೇಳಿರಿ. ಗಂಟು ಒಂದೇ ಕಡೆ ಇದೆಯೇ? ಇಂಥ ಶಸ್ತ್ರಕ್ರಿಯೆ ಇಲ್ಲಿ ಮಾಡಿದ ಅನುಭವವಿದೆಯೇ? ರಕ್ತ ಸಿದ್ಧವಿದೆಯೇ? ತೆಗೆದ ಗಂಟಿನ ಪರೀಕ್ಷಾ ವರದಿಯನ್ನು ಲೆಕ್ಕದ ಪುಸ್ತಕದಷ್ಟೇ ಜೋಪಾನವಾಗಿಡಿರಿ. ಮುಂದಿನ ಚಿಕಿತ್ಸೆಯೆಲ್ಲ ಆ ಕಾಗದದ ಮೇಲೆಯೇ ನಿಂತಿರುತ್ತದೆ.