ದೂರದ ಹಕ್ಕಿಗೆ ಕೆಸರೇ ಅನ್ನ

ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರ ಬಂತೆಂದರೆ ಪಣಜಿ ಸುತ್ತಲಿನ ಜೌಗು ನೆಲಕ್ಕೆ ವಲಸೆ ಹಕ್ಕಿಗಳು ಇಳಿಯತೊಡಗುತ್ತವೆ. ಮಾಂಡವಿ ದಂಡೆಯ ಕೆಸರಿನಲ್ಲಿ ಗದ್ದೆಗೊರವ, ಹಳೇ ಗೋವಾ ಬಳಿಯ ಕರಮಳಿ ಕೆರೆಯಲ್ಲಿ ಸೂಜಿಬಾಲದ ಬಾತು. ಉತ್ತರದ ಹಿಮಕ್ಕೆ ಅಂಜಿ ಸಾವಿರಾರು ಕಿ.ಮೀ. ಹಾರಿ ಬಂದ ಜೀವಗಳಿವು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ ಬರುವುದು ಬಾಣಂತನಕ್ಕೆ. ಇವು ಇಲ್ಲಿ ಗೂಡು ಕಟ್ಟುವುದಿಲ್ಲ, ಬರುವುದು ಉಣ್ಣಲು. ತಿರುಗಿ ಹಾರುವ ಕಸುವು ಸಿಗುವುದು ಕೆಸರಿನ ಹುಳು, ನೀರಿನ ಸಸ್ಯಗಳಿಂದಲೇ. ಕೆಸರು ಮುಚ್ಚಿದರೆ ಅನ್ನ ಕಸಿದಂತೆ.

ಚೋರಾಂವ್ ನಡುಗಡ್ಡೆಯ ಸಲೀಂ ಅಲಿ ಪಕ್ಷಿಧಾಮಕ್ಕೆ 1988ರಿಂದ ಕಾನೂನಿನ ಕಾವಲಿದೆ. ಆದರೆ ಅದರ ವಿಸ್ತಾರ ಬರೀ 1.78 ಚದರ ಕಿ.ಮೀ. ಹೊರಗಿನ ಖಾಜನ ಗದ್ದೆ, ಉಪ್ಪಿನಾಗರಗಳನ್ನು ಕಾಯೋರು ಯಾರು? 'ನೀರು ನಿಂತ ಖಾಲಿ ಜಾಗ' ಅಂತ ಮಣ್ಣು, ಕಸ ಸುರಿದರೆ ಹಕ್ಕಿಗಷ್ಟೇ ಅಲ್ಲ, ಮಳೆ ನೀರಿಗೂ ಜಾಗ ಇಲ್ಲದಾಗುತ್ತದೆ. ಆಗ ಅದು ನುಗ್ಗೋದು ತಗ್ಗಿನ ಓಣಿಗಳಿಗೆ, ದುಡಿದುಣ್ಣುವವರ ಮನೆಗಳಿಗೆ.

ಗೋವಾದ ಕನ್ನಡ ಕುಟುಂಬಗಳು ಒಂದು ರವಿವಾರ ಬೆಳಗ್ಗೆ ಮಕ್ಕಳನ್ನು ಕರಮಳಿ ಕೆರೆಗೆ ಕರೆದೊಯ್ಯಲಿ. ಗದ್ದಲ ಮಾಡದೆ, ಪ್ಲಾಸ್ಟಿಕ್ ಬಿಸಾಡದೆ ನೋಡಿ ಬಂದರೆ ಸಾಕು. ಎಲ್ಲಾದರೂ ಜೌಗಿಗೆ ಮಣ್ಣು ಬೀಳುವುದು ಕಂಡರೆ ಪಂಚಾಯ್ತಿಗೆ ಹೇಳಲಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿಗೆ ಈ ಹಕ್ಕಿಗಳ ಕಷ್ಟ ಬೇರೆ ಹೇಳಬೇಕೇ?