ಮಂಚದ ಕೆಳಗಿನ ಕಾಗದ ಓದುವವರು ಯಾರು?

ನಮ್ಮ ಕಡೆ ಮಂಚ ಅರ್ಧ ಮಲಗುವುದಕ್ಕೆ, ಅರ್ಧ ಸಾಮಾನು ಇಡುವುದಕ್ಕೆ. ಚಂದ್ರಬಂಡದ ಯಾವ ಮನೆಯಲ್ಲಿ ಬಗ್ಗಿ ನೋಡಿದರೂ ಮಂಚದ ಕೆಳಗೆ ಒಂದು ಸಣ್ಣ ಸಂಸಾರ ಕಾಣುತ್ತದೆ. ಉಳ್ಳಾಗಡ್ಡಿ ಹರಡಿರುತ್ತಾರೆ. ಜೋಳದ ಚೀಲ, ಬಿತ್ತನೆಗೆಂದು ತೆಗೆದಿಟ್ಟ ತೊಗರಿ, ಖಾಲಿ ಸಿಲಿಂಡರ್, ಯಾವುದೋ ಮದುವೆಯಲ್ಲಿ ಬಂದು ಇನ್ನೂ ಬಳಸದ ಸ್ಟೀಲಿನ ಹಂಡೆ. ಹತ್ತಿ ಬಿಡಿಸುವ ಕಾಲದಲ್ಲಿ, ರೇಟು ಏರಲಿ ಎಂದು ಕಾಯುವ ಮನೆಗಳಲ್ಲಿ, ಹತ್ತಿ ಮಂಚದ ಕೆಳಗೂ ಇರುತ್ತದೆ, ಮೇಲೂ ಇರುತ್ತದೆ. ಮನೆಯವರು ಮೈ ಕೆರೆದುಕೊಳ್ಳುತ್ತ ಅಂಗಳದಲ್ಲಿ ಮಲಗುತ್ತಾರೆ.

ಕೆಲವು ಮನೆಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯೂ ಅಲ್ಲೇ ಇರುತ್ತದೆ. ಅದು ಈ ಬರಹದ ವಿಷಯವಲ್ಲ, ಆದರೂ ಹೇಳದೆ ಮುಂದೆ ಹೋಗಲಾರೆ. 2013ರ ಜುಲೈ 16ರಂದು ಬಿಹಾರದ ಸಾರನ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಹೋದರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿತ್ತು. ಎರಡಕ್ಕೂ ನಾವು 'ಎಣ್ಣೆ' ಎಂದೇ ಅನ್ನುತ್ತೇವೆ. ಮಲಗುವ ಕೋಣೆಯಲ್ಲಿ ಆ ಡಬ್ಬಿ ಇದ್ದರೆ ಇವತ್ತೇ ತೆಗೆಸಿ, ಹೊರಗೆ ಬೀಗ ಹಾಕುವ ಜಾಗದಲ್ಲಿ ಇಡಿಸಿ.

ನಾನು ಬರೆಯಹೊರಟಿರುವುದು ಇವೆಲ್ಲದರ ಹಿಂದೆ ಗೋಡೆಗೆ ಒತ್ತಿ ಇಟ್ಟಿರುವ ತಗಡಿನ ಟ್ರಂಕಿನ ಬಗ್ಗೆ. ಸಾಮಾನ್ಯವಾಗಿ ಅದು ಅಜ್ಜಿಯ ಮದುವೆಯಲ್ಲಿ ಬಂದ ಟ್ರಂಕು. ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ವರ್ಷಕ್ಕೆ ಒಂದೋ ಎರಡೋ ಸಲ ಎಳೆಯುತ್ತಾರೆ, ನೆಲದ ಮೇಲೆ ಕರ್ ಎಂದು ಗೆರೆ ಬೀಳುತ್ತದೆ. ಮೇಲೆ ರೇಷ್ಮೆ ಸೀರೆ, ನಡುವೆ ನುಸಿಗುಳಿಗೆ, ತಳದಲ್ಲಿ ಅಕ್ಕಿಚೀಲದ ತುಂಡಿನಲ್ಲಿ ಸುತ್ತಿದ ಕಾಗದಗಳ ಗಂಟು. 2016ರ ನವೆಂಬರ್‌ನಲ್ಲಿ 500 ಮತ್ತು 1000ದ ನೋಟು ರದ್ದಾದಾಗ ಎಷ್ಟೋ ಅಜ್ಜಿಯರ ಗಂಟಿನಿಂದ ಮಕ್ಕಳಿಗೇ ಗೊತ್ತಿಲ್ಲದ ನೋಟು ಹೊರಬಂದವು. ನೋಟು ಯಾರಾದರೂ ಎಣಿಸಬಹುದು. ಕಾಗದವನ್ನು ಓದಬೇಕು. ನಮ್ಮ ಊರಿನಲ್ಲಿ ಅದನ್ನು ಓದುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಇದು ಹಿರಿಯರ ವಿಷಯ, ನಮಗೇಕೆ ಎಂದು ದ್ವಿತೀಯ ಪಿಯುಸಿಯವರು ಕೇಳಬಹುದು. ಉತ್ತರ ಸಿಇಟಿ ಅರ್ಜಿಯಲ್ಲಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371(ಜೆ) ವಿಧಿ ಬಂತು. ಅದರಂತೆ ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು, ರಾಜ್ಯದ ಬೇರೆ ಕಡೆಯ ಕಾಲೇಜುಗಳಲ್ಲಿ ನೂರಕ್ಕೆ 8 ಸೀಟು ಮೀಸಲು. ರಾಯಚೂರಿನ ರಿಮ್ಸ್ ಆಗಲಿ, ಕೃಷಿ ವಿಶ್ವವಿದ್ಯಾಲಯವಾಗಲಿ, ನಮ್ಮಲ್ಲಿ ಅನೇಕರು ಒಳಗೆ ಹೋಗುವುದು ಈ ಬಾಗಿಲಿನಿಂದಲೇ. ಸ್ಥಳೀಯರು ಅನ್ನಿಸಿಕೊಳ್ಳಲು ಇಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮೊದಲಿನ ಹತ್ತು ವರ್ಷ ಇಲ್ಲಿ ನೆಲೆಸಿದ್ದವರ ಸಾಲಿಗೆ ಅಥವಾ ಅವರ ಮಕ್ಕಳ ಸಾಲಿಗೆ ಸೇರಬೇಕು. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇಕು. ಅದಕ್ಕೆ ಅಬ್ಬಾರ ಶಾಲೆಯ ಟಿ.ಸಿ., ಅಮ್ಮಿಯ ವ್ಯಾಸಂಗ ಪತ್ರ, ಹಳೆಯ ರೇಷನ್ ಕಾರ್ಡು, ಪಹಣಿ ಹೀಗೆ ಒಂದೊಂದೇ ಕೇಳುತ್ತಾರೆ. ಎಲ್ಲವೂ ಮಂಚದ ಕೆಳಗೆ. ಅರ್ಜಿಯ ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಟ್ರಂಕು ಎಳೆಯುವ ಮನೆಗಳೇ ಹೆಚ್ಚು.

ಎಳೆದ ಮೇಲೆ ಗೊತ್ತಾಗುವುದು ಹೆಸರಿನ ಫಜೀತಿ. ಒಂದೇ ಮನುಷ್ಯ ಶಾಲೆಯ ದಾಖಲೆಯಲ್ಲಿ ಮೌಲಾಸಾಬ, ಪಹಣಿಯಲ್ಲಿ ಮೌಲಾಲಿ, ಆಧಾರ್‌ನಲ್ಲಿ ಮೊಹಮ್ಮದ್ ಮೌಲಾ. ಪಕ್ಕದ ಮನೆಯ ಹುಸೇನಪ್ಪ ಕಂಪ್ಯೂಟರ್ ಪಹಣಿಯಲ್ಲಿ ಹುಸೇನಸಾಬ ಆಗಿರುತ್ತಾನೆ. ನಮ್ಮ ಜಿಲ್ಲೆಯಲ್ಲಿ ಇದು ಬರೆದವರ ತಪ್ಪೋ ಮೊಹರಂನ ಮಹಿಮೆಯೋ ಹೇಳುವುದು ಕಷ್ಟ! ಹುಟ್ಟಿದ ತಾರೀಖಿನ ಕಥೆ ಇನ್ನೊಂದು. ನಮ್ಮ ಹಿರಿಯರಲ್ಲಿ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು, ಏಕೆಂದರೆ ಶಾಲೆ ಶುರುವಾಗುವ ದಿನ ಹೆಡ್‌ಮಾಸ್ತರರು ಅದನ್ನೇ ಬರೆದುಕೊಂಡರು. ಇಂಥದ್ದನ್ನು ಅಫಿಡವಿಟ್ ಮಾಡಿಸಿ ಸರಿಮಾಡಬಹುದು, ಆದರೆ ಅದಕ್ಕೆ ವಾರಗಳು ಬೇಕು, ಮೊದಲು ತಪ್ಪು ಕಣ್ಣಿಗೆ ಬೀಳಬೇಕು.

ಗಂಟಿನ ತಳದ ಕಾಗದಗಳದ್ದು ಬೇರೆಯೇ ಲೋಕ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹೊಲದ ಪಟ್ಟಾ, ಇನಾಮಿನ ಸನದು, ಮಾಲ್‌ಗುಜಾರಿ ಕಟ್ಟಿದ ರಸೀದಿ, ಕೋರ್ಟಿನ ಫೈಸಲಾ ಎಲ್ಲವೂ ಉರ್ದುವಿನಲ್ಲಿ. ಉರ್ದು ಕಾಗದ ಮುಸಲ್ಮಾನರ ಟ್ರಂಕಿನಲ್ಲಷ್ಟೇ ಇರುತ್ತದೆ ಎಂದು ತಿಳಿದವರು ತಪ್ಪು ತಿಳಿದಿದ್ದಾರೆ. ಸರ್ಕಾರ ರೈತನ ಜಾತಿ ನೋಡಿ ಭಾಷೆ ಬದಲಿಸುತ್ತಿರಲಿಲ್ಲ. ಲಿಂಗಾಯತರ ಮನೆಯಲ್ಲೂ ನಾಯಕರ ಮನೆಯಲ್ಲೂ ಅದೇ ಮುದ್ರೆ, ಅದೇ ಬರಹ. ಅಜ್ಜ ಅದನ್ನು ಓದುತ್ತಿದ್ದ, ಇಲ್ಲವೇ ಪಟವಾರಿಯಿಂದ ಓದಿಸಿಕೊಂಡಿದ್ದ. ಅಪ್ಪ ಕನ್ನಡ ಶಾಲೆಗೆ ಹೋದ. ಮೊಮ್ಮಗ ಕಾಗದವನ್ನು ತಲೆಕೆಳಗೆ ಹಿಡಿದುಕೊಂಡು ಫೋಟೋ ತೆಗೆಯುತ್ತಾನೆ.

ನಮ್ಮ ಓಣಿಯ ರೈತರೊಬ್ಬರು ಇಂಥ ಒಂದು ಕಾಗದವನ್ನು ದಾದಾರ ಹತ್ತಿರ ತಂದಿದ್ದರು. ಅದು ಅವರ ಹೊಲದ ಪಟ್ಟಾ ಎಂದು ಅವರ ತಂದೆ ಸಾಯುವಾಗ ಹೇಳಿದ್ದರಂತೆ. ಅದರ ಧೈರ್ಯದ ಮೇಲೆಯೇ ಪಕ್ಕದ ಹೊಲದವರ ಜೊತೆ ವ್ಯಾಜ್ಯಕ್ಕೆ ನಿಂತಿದ್ದರು. ದಾದಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದು ಒಂದು ವರ್ಷದ ಮಾಲ್‌ಗುಜಾರಿ ರಸೀದಿ. ಪಟ್ಟಾ ಅಲ್ಲ. ಒಂದು ಮನೆತನ ಎರಡು ತಲೆಮಾರು ಅದನ್ನು ಹೊಲ ಎಂದೇ ನಂಬಿ ಕಾಪಾಡಿತ್ತು. ರಸೀದಿಗೂ ಬೆಲೆ ಇದೆ, ಆ ವರ್ಷ ಉಳುಮೆ ಯಾರದಿತ್ತು ಎಂಬುದಕ್ಕೆ ಅದು ಒಂದು ಸಾಕ್ಷಿ, ವಕೀಲರಿಗೆ ತೋರಿಸು ಎಂದು ದಾದಾ ಹೇಳಿದರು. ಆ ಮಾತನ್ನು ಅವರಿಗೆ ಇಪ್ಪತ್ತು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ವ್ಯಾಜ್ಯಕ್ಕೆ ಸುರಿದ ದುಡ್ಡಾದರೂ ಉಳಿಯುತ್ತಿತ್ತೇನೋ.

ಉರ್ದು ಬಂದರೂ ಸಾಲದು, ಫಸಲಿ ಲೆಕ್ಕ ಗೊತ್ತಿರಬೇಕು. ಹೈದರಾಬಾದ್ ಕಚೇರಿಗಳು ಇಸವಿ ಬರೆಯುತ್ತಿದ್ದುದು ಫಸಲಿಯಲ್ಲಿ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ವರ್ಷ ಅಕ್ಟೋಬರ್ ಸುಮಾರಿಗೆ ಶುರುವಾಗುವುದರಿಂದ ಜನವರಿಯ ನಂತರದ ತಿಂಗಳುಗಳಿಗೆ 591. ಫಸಲಿ 1352 ಅಂದರೆ 1942–43. ಅದೇ ಸಂಖ್ಯೆಯನ್ನು ಹಿಜರಿ ಎಂದು ತಿಳಿದರೆ 1933–34 ಆಗಿಬಿಡುತ್ತದೆ. ಒಂಬತ್ತು ವರ್ಷ ಹಿಂದೆ! ಆ ಒಂಬತ್ತು ವರ್ಷದಲ್ಲಿ ಹೊಲ ಎರಡು ಕೈ ದಾಟಿರಬಹುದು. ತಿಂಗಳುಗಳ ಹೆಸರೂ ಮೊಹರಂ, ಸಫರ್ ಅಲ್ಲ. ಆಜುರ್, ದೈ, ಬಹಮನ್ ಎಂಬ ಪಾರಸಿ ಹೆಸರುಗಳು. ಅವು ಕಂಡರೆ ಫಸಲಿ ಎಂದು ಗುರುತು ಹಿಡಿಯಬಹುದು. ದುಡ್ಡಿನಲ್ಲೂ ಎರಡು ಬಗೆ. ಹಾಲಿ ರೂಪಾಯಿ ನಿಜಾಮರದು, ಕಲ್ದಾರ ಇಂಗ್ಲಿಷರದು. 7 ಹಾಲಿಗೆ 6 ಕಲ್ದಾರ. ಹಳೆಯ ನಿಕಾಹ್‌ನಾಮಾ ಸಿಕ್ಕರೆ ಮೆಹರ್ ಯಾವುದರಲ್ಲಿ ಬರೆದಿದ್ದಾರೆ ನೋಡಿ. ನಮ್ಮ ದಾದಿಯದು ಹಾಲಿಯಲ್ಲಿದೆ. ಅದು ಪೂರ್ತಿ ಸಂದಾಯವಾಯಿತೇ ಎಂದು ಕೇಳಿದರೆ ಅವರು ದಾದಾರ ಕಡೆ ನೋಡಿ ನಗುತ್ತಾರೆ.

ಚಂದ್ರಬಂಡದಿಂದ ತೆಲಂಗಾಣದ ಗಡಿ ದೂರವಿಲ್ಲ. ಗದ್ವಾಲದಿಂದ ಹೆಣ್ಣು ತರುವುದು, ಆ ಕಡೆಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಕೆಲವರ ನಾನಿಯ ಕಾಗದದಲ್ಲಿ 'ತಾಲ್ಲೂಕು ಗದ್ವಾಲ, ಜಿಲ್ಲಾ ರಾಯಚೂರು' ಎಂದಿರುತ್ತದೆ. ಬರೆದವರ ತಪ್ಪಲ್ಲ. ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಆದಾಗ ನಾವು ಈ ಕಡೆ ಬಂದೆವು, ಅವು ಮಹಬೂಬನಗರಕ್ಕೆ ಹೋದವು. ಇಂಥ ಕಾಗದ ತೋರಿಸಿದರೆ 371(ಜೆ) ಪ್ರಮಾಣಪತ್ರ ಸಿಗುವುದಿಲ್ಲ, ಅಲ್ಲಿ ಈಗಿನ ಜಿಲ್ಲೆಗಳೇ ಲೆಕ್ಕ. ಆದರೆ ಇತಿಹಾಸದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಏಕೀಕರಣ ನಿಮ್ಮ ಮನೆಯ ಟ್ರಂಕಿನಲ್ಲಿ ನಾನಿಯ ಹೆಸರಿನೊಂದಿಗೆ ಕೂತಿದೆ ಎಂಬುದು ಸಣ್ಣ ಮಾತಲ್ಲ.

ಇನ್ನೂ ಒಂದು ಕಾಗದ ಹುಡುಕಿ ಎನ್ನುತ್ತೇನೆ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿ ಮಾಡುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಿದರು. ಒಪ್ಪಿಗೆಯಾದವರಿಗೆ ಫಾರಂ 10 ಸಿಕ್ಕಿತು. ಎಷ್ಟೋ ಬಡವರ ಮನೆಯಲ್ಲಿ 'ಈ ಹೊಲ ನಿನ್ನದು' ಎಂದು ಸರ್ಕಾರ ಬರೆದುಕೊಟ್ಟ ಮೊದಲ ಕಾಗದ ಅದೇ. ಕನ್ನಡದಲ್ಲೇ ಇರುತ್ತದೆ, ಓದಲು ಕಷ್ಟವಿಲ್ಲ. ಆದರೂ ಅದು ಏನು ಎಂದು ಗೊತ್ತಿಲ್ಲದೆ ವಿದ್ಯುತ್ ಬಿಲ್ಲುಗಳ ನಡುವೆ ಮಡಚಿ ಹಾಕಿರುತ್ತಾರೆ.

ಕಾಗದದ ಭಯವೂ ನಮಗೆ ಗೊತ್ತು. 2019ರ ಕೊನೆಯಲ್ಲಿ ಪೌರತ್ವದ ಮಾತು ಎದ್ದಾಗ ದೇಶದ ಎಷ್ಟೋ ಮನೆಗಳಲ್ಲಿ ಟ್ರಂಕುಗಳು ಹೊರಬಂದವು. ಭಯದಿಂದ ತೆರೆದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಜೆರಾಕ್ಸ್ ಮಾಡಿಸುತ್ತೇವೆ, ಯಾವುದು ಏನು ಎಂದು ಓದುವುದಿಲ್ಲ. ಮಾತು ತಣ್ಣಗಾದ ಮೇಲೆ ಟ್ರಂಕು ಮತ್ತೆ ಮಂಚದ ಕೆಳಗೆ. ನಾನು ಹೇಳುತ್ತಿರುವುದು ಭಯವಿಲ್ಲದ ದಿನ ತೆರೆಯುವುದರ ಬಗ್ಗೆ. ಅಜ್ಜಿಯೂ ಅಜ್ಜನೂ ಪಕ್ಕದಲ್ಲಿ ಕೂತಿರುವಾಗ, ಇದು ಯಾರ ಕೈಬರಹ, ಈ ಹೆಬ್ಬೆಟ್ಟು ಯಾರದು ಎಂದು ಕೇಳಬಹುದಾದ ದಿನ. ಕಾಗದವನ್ನು ಮುಂದೆ ಯಾರಾದರೂ ಪಂಡಿತರು ಓದಿಯಾರು, ಹೆಬ್ಬೆಟ್ಟು ಯಾರದೆಂದು ಅಜ್ಜಿ ಮಾತ್ರ ಹೇಳಬಲ್ಲರು.

ಹೆಣ್ಣುಮಕ್ಕಳನ್ನು ಆಗ ಅಡುಗೆಮನೆಗೆ ಕಳಿಸಬೇಡಿ. ಟ್ರಂಕು ಅಜ್ಜಿಯದು, ಬೀಗದ ಕೈ ಅಜ್ಜಿಯದು, ಕಾಗದ ಬಿಚ್ಚಿದ ಕೂಡಲೇ ಮಾತ್ರ ಸುತ್ತ ಗಂಡಸರೇ. ಹೊಲದಲ್ಲಿ ಮಗಳಿಗೂ ಪಾಲಿದೆ ಎಂದು ಶರಿಯತ್ತೂ ಹೇಳುತ್ತದೆ, 2005ರಲ್ಲಿ ತಿದ್ದಿದ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಹೇಳುತ್ತದೆ. ಸರ್ವೆ ನಂಬರ್ ಗೊತ್ತಿಲ್ಲದವಳು ಪಾಲು ಕೇಳುವುದು ಹೇಗೆ?

ಕಾಗದ ಉಳಿಸುವುದು ದೊಡ್ಡ ವಿದ್ಯೆಯಲ್ಲ. ಟ್ರಂಕನ್ನು ಇಟ್ಟಿಗೆಯ ಮೇಲೆ ಇಡಿ, ಗೆದ್ದಲು ನೆಲದಿಂದ ಬರುತ್ತದೆ. 2009ರ ಅಕ್ಟೋಬರ್‌ನ ನೆರೆಯಲ್ಲಿ ನದಿಪಾತ್ರದ ಹಳ್ಳಿಗಳಲ್ಲಿ ಮನೆಗಳೇ ಬಿದ್ದವು, ಟ್ರಂಕಿನ ಮಾತೇಕೆ. ಹಾಗಾಗಿ ಎರಡೂ ಬದಿಯ ಫೋಟೋ ತೆಗೆದು ಇಬ್ಬರ ಫೋನಿನಲ್ಲಿ ಇಡಿ. ಲ್ಯಾಮಿನೇಶನ್ ಮಾತ್ರ ಬೇಡ. ಒಮ್ಮೆ ಪ್ಲಾಸ್ಟಿಕ್ ಅಂಟಿದರೆ ಹಳೆಯ ಕಾಗದವನ್ನು ಬಿಡಿಸಲು ಬರುವುದಿಲ್ಲ.

ಈಗ ನಮ್ಮ ಕಾಲೇಜಿನ ಮಾತು. ಇಲ್ಲಿ ಉರ್ದು ಓದುವ ಹುಡುಗ ಹುಡುಗಿಯರಿದ್ದಾರೆ, ಕನ್ನಡ ಚೆನ್ನಾಗಿ ಬರೆಯುವವರಿದ್ದಾರೆ, ಎರಡೂ ಬಲ್ಲವರೂ ಇದ್ದಾರೆ. ಸುತ್ತಲಿನ ಹಳ್ಳಿಗಳಿಗೆ ಬೇಕಾಗಿರುವುದು ಇದೇ ಜೋಡಿ. ತಿಂಗಳಿಗೆ ಒಂದು ಶನಿವಾರ, ತರಗತಿ ಮುಗಿದ ಮೇಲೆ ಎರಡು ತಾಸು, ಯಾರು ಬೇಕಾದರೂ ತಮ್ಮ ಹಳೆಯ ಉರ್ದು ಕಾಗದ ತರಲಿ. ನಾವು ಓದಿ ಹೇಳೋಣ, ಕೇಳಿದರೆ ಕನ್ನಡದಲ್ಲಿ ಬರೆದುಕೊಡೋಣ.

ಇದಕ್ಕೆ ಎರಡು ಆಕ್ಷೇಪಣೆ ಕೇಳಿಬಂದಿವೆ. ಒಂದು, ಮನೆಯ ಗುಟ್ಟು ಹೊರಬೀಳುತ್ತದೆ, ಅಣ್ಣತಮ್ಮಂದಿರ ಜಗಳಕ್ಕೆ ನಾವು ಕಾರಣರಾಗುತ್ತೇವೆ. ಈ ಮಾತಿನಲ್ಲಿ ಹುರುಳಿದೆ. ಅದಕ್ಕೇ ನಿಯಮ ಬಿಗಿಯಾಗಿರಬೇಕು: ಕಾಗದ ತಂದವರ ಎದುರಿಗೇ ಓದುವುದು, ನಮ್ಮ ಹತ್ತಿರ ನಕಲು ಇಟ್ಟುಕೊಳ್ಳದಿರುವುದು, ಹೊಲ ಯಾರದು ಎಂಬ ತೀರ್ಪು ಕೊಡದಿರುವುದು. ತೀರ್ಪು ಬೇಕಾದವರಿಗೆ ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಇನ್ನೊಂದು, ವಿದ್ಯಾರ್ಥಿಗಳಿಗೆ ಅಚ್ಚಿನ ಉರ್ದು ಬರುತ್ತದೆ, ಪಟವಾರಿಯ ಶಿಕಸ್ತಾ ಕೈಬರಹ ಬರುವುದಿಲ್ಲ. ಇದೂ ನಿಜ. ಶಿಕಸ್ತಾದಲ್ಲಿ ಅಕ್ಷರಗಳು ಒಂದರ ಮೇಲೊಂದು ಹರಿದು ಚುಕ್ಕೆಗಳೇ ಮಾಯವಾಗಿರುತ್ತವೆ. ಅದನ್ನು ಓದುವ ಹಿರಿಯರು ಊರಿನಲ್ಲಿ ಇನ್ನೂ ಮೂರ್ನಾಲ್ಕು ಜನ ಇದ್ದಾರೆ, ಎಲ್ಲರೂ ಎಪ್ಪತ್ತೈದು ದಾಟಿದವರು. ಅವರನ್ನು ಕರೆದು ಕೂರಿಸಿ ಪಕ್ಕದಲ್ಲಿ ನಾವು ಕಲಿಯಬೇಕು. ಬರುವ ವರ್ಷ ಎಂದರೆ ತಡವಾಗಬಹುದು.

ದಾದಾ ಬರಲು ಒಪ್ಪಿದ್ದಾರೆ. ಉರ್ದು ವಿಭಾಗದ ಗುರುಗಳು ಒಂದು ಕೋಣೆ ಕೊಡಿಸಿದರೆ ಮುಂದಿನ ತಿಂಗಳೇ ಶುರುಮಾಡಬಹುದು. ಒಂದು ಮೇಜು, ನಾಲ್ಕು ಕುರ್ಚಿ, ಒಂದು ಭೂತಗನ್ನಡಿ ಸಾಕು. ಭೂತಗನ್ನಡಿ ಜೀವಶಾಸ್ತ್ರದ ಲ್ಯಾಬಿನಲ್ಲಿದೆ, ವಿಚಾರಿಸಿದ್ದೇನೆ.